ಸಂಭೋಗವಿಲ್ಲದ ದೈಹಿಕ ಸಂಪರ್ಕ: ಸೋಂಕಿನ ಅಪಾಯ ಎಷ್ಟು, ಪರೀಕ್ಷೆ ಯಾವಾಗ?

ಸಂಪರ್ಕವು ಸಂಭೋಗದವರೆಗೆ ಹೋಗಿರುವುದಿಲ್ಲ. ಚುಂಬನ, ಅಪ್ಪುಗೆ, ಕೈಯಿಂದ ಮುಟ್ಟಿದ್ದು, ಮೈಗೆ ಮೈ ತಾಗಿದ್ದು ಇಷ್ಟಕ್ಕೇ ನಿಂತಿರುತ್ತದೆ. ಆದರೂ ಮರುದಿನದಿಂದ ಒಂದೇ ಶಂಕೆ ಕಾಡತೊಡಗುತ್ತದೆ: ತನಗೆ ಏಡ್ಸ್ ಅಂಟಿರಬಹುದೇ? ಇಂಥ ಶಂಕೆ ಹೊತ್ತವರಲ್ಲಿ ಕೆಲವರು ಮೂರನೆಯ ದಿನವೇ ಪ್ರಯೋಗಾಲಯಕ್ಕೆ ಹೋಗಿ ಸಾವಿರಾರು ರೂಪಾಯಿಯ ರಕ್ತಪರೀಕ್ಷೆ ಮಾಡಿಸುತ್ತಾರೆ. ಕೆಲವರು ಔಷಧ ಅಂಗಡಿಯಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗುತ್ತಾರೆ. ಇನ್ನು ಕೆಲವರು ಯಾರಿಗೂ ಹೇಳದೆ ತಿಂಗಳುಗಟ್ಟಲೆ ಕೊರಗುತ್ತಾರೆ.

ಈ ಮೂರು ದಾರಿಗಳಲ್ಲಿ ಯಾವುದೂ ಸರಿಯಲ್ಲ. ಇಂಥ ಸಂಪರ್ಕದಿಂದ ಎಚ್‌ಐವಿ ತಗಲುವ ಸಾಧ್ಯತೆ ಬಹುತೇಕ ಶೂನ್ಯ. ಉಳಿಯುವುದು ಚರ್ಮದಿಂದ ಚರ್ಮಕ್ಕೆ ಹರಡುವ ಕೆಲವು ಸೋಂಕುಗಳು ಮಾತ್ರ. ಅವುಗಳ ಪತ್ತೆಗೆ ಬೇಕಾದುದು ಸರಿಯಾದ ದಿನಕ್ಕೆ ಮಾಡಿಸುವ ಪರೀಕ್ಷೆ ಮತ್ತು ಮೈಮೇಲಿನ ಬದಲಾವಣೆಗಳನ್ನು ಗಮನಿಸುವ ತಾಳ್ಮೆ.

ಗಣಿಯೂರಿನ ಮೌನ

ಕೋಲಾರ ಚಿನ್ನದ ಗಣಿ ಪ್ರದೇಶದ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ಕೋರಮಂಡಲ್ ಬಡಾವಣೆಗಳನ್ನು ಬಲ್ಲವರಿಗೆ ಅಲ್ಲಿನ ಗಣಿ ಲೈನುಗಳ ಪರಿಚಯವಿದ್ದೇ ಇದೆ. ಸಾಲಾಗಿ ಅಂಟಿಕೊಂಡ ಸಣ್ಣ ಮನೆಗಳು. ಒಂದು ಮನೆಯ ಮಾತು ಪಕ್ಕದ ಗೋಡೆಗೆ ಕೇಳುವಷ್ಟು ಹತ್ತಿರ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಇಲ್ಲಿನ ದುಡಿಯುವ ಜನರ ದೊಡ್ಡ ಪಾಲು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಿದೆ. ಗಣಿಯ ಕಾಲದಲ್ಲಿ ಕಾರ್ಮಿಕ ಕುಟುಂಬಗಳಿಗಿದ್ದ ಕಂಪನಿ ಆಸ್ಪತ್ರೆಯ ಆಸರೆಯೂ ಹಿಂದಿನಂತೆ ಉಳಿದಿಲ್ಲ.

ಇಂಥ ಊರಿನಲ್ಲಿ ಗುಪ್ತರೋಗದ ಮಾತೆತ್ತುವುದು ಸುಲಭವಲ್ಲ. ಸರ್ಕಾರಿ ಆಸ್ಪತ್ರೆಯ ಸರತಿಯಲ್ಲಿ ಪರಿಚಿತರು ಕಂಡುಬಿಟ್ಟಾರು ಎಂಬ ಅಳುಕು ಸಹಜ. ಆ ಅಳುಕೇ ಜನರನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ 'ಗುಪ್ತರೋಗ ತಜ್ಞ'ರ ಜಾಹೀರಾತಿನ ಕಡೆಗೋ, ಗುರುತಿಲ್ಲದ ಔಷಧ ಅಂಗಡಿಯ ಕಡೆಗೋ ತಳ್ಳುತ್ತದೆ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ಯುವಕನ ಪಾಡೂ, ಹುಬ್ಬಳ್ಳಿ ಅಥವಾ ಮಂಗಳೂರಿನ ವಸತಿ ನಿಲಯದಲ್ಲಿರುವ ಯುವತಿಯ ಪಾಡೂ ಇದಕ್ಕಿಂತ ಬೇರೆಯೇನಲ್ಲ. ಆದ್ದರಿಂದ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮುನ್ನ ತಮ್ಮ ಅಪಾಯವನ್ನು ತಾವೇ ಒಂದು ಮಟ್ಟಕ್ಕೆ ಅಳೆದುಕೊಳ್ಳುವ ಕ್ರಮ ತಿಳಿದಿರುವುದು ಒಳ್ಳೆಯದು.

ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಒಂದು, ಯಾವ ದ್ರವ ತಾಗಿತು? ಎಚ್‌ಐವಿ ಹರಡುವುದು ರಕ್ತ, ವೀರ್ಯ, ವೀರ್ಯಕ್ಕೆ ಮುನ್ನ ಒಸರುವ ದ್ರವ, ಯೋನಿಸ್ರಾವ, ಗುದದ ಸ್ರಾವ ಮತ್ತು ಎದೆಹಾಲಿನಿಂದ. ಜೊಲ್ಲು, ಬೆವರು, ಕಣ್ಣೀರು, ಮೂತ್ರಗಳಿಂದ ಹರಡುವುದಿಲ್ಲ. ಹೆಪಟೈಟಿಸ್-ಬಿ ವೈರಾಣು ರಕ್ತ, ವೀರ್ಯ ಮತ್ತು ಯೋನಿಸ್ರಾವಗಳಿಂದ ಹರಡುತ್ತದೆ. ಎಚ್‌ಐವಿಗಿಂತ ಹೆಚ್ಚು ಸುಲಭವಾಗಿ ಅಂಟುತ್ತದೆ.

ಎರಡು, ದ್ರವ ಎಲ್ಲಿಗೆ ತಾಗಿತು? ಗಾಯವಿಲ್ಲದ ಚರ್ಮ ಗಟ್ಟಿ ತಡೆಗೋಡೆ. ಅಂಗೈ, ತೊಡೆ, ಹೊಟ್ಟೆಯ ಮೇಲೆ ಬಿದ್ದ ವೀರ್ಯದಿಂದ ಎಚ್‌ಐವಿ ಒಳನುಗ್ಗಲಾರದು. ಯೋನಿ, ಗುದದ್ವಾರ, ಶಿಶ್ನದ ತುದಿ, ಬಾಯಿ ಮತ್ತು ಕಣ್ಣಿನ ಒಳಭಾಗಗಳಲ್ಲಿ ಇರುವುದು ತೆಳುವಾದ ಲೋಳೆಪೊರೆ. ಸೋಂಕಿಗೆ ದಾರಿ ಸಿಗುವುದು ಈ ಪೊರೆಯ ಮೂಲಕ ಅಥವಾ ಹಸಿ ಗಾಯದ ಮೂಲಕ.

ಮೂರು, ಎದುರಿನವರ ಚರ್ಮದಲ್ಲಿ ಏನಿತ್ತು? ಹುಣ್ಣು, ನೀರುಗುಳ್ಳೆ, ನರಹುಲಿ, ಕಜ್ಜಿ ಇದ್ದಲ್ಲಿ ದ್ರವವೇ ಇಲ್ಲದೆ ಬರಿಯ ಚರ್ಮದ ಸ್ಪರ್ಶದಿಂದ ಸೋಂಕು ದಾಟಬಹುದು. ಕಣ್ಣಿಗೆ ಏನೂ ಕಾಣದಿದ್ದಾಗಲೂ ಹರ್ಪಿಸ್ ಮತ್ತು ಎಚ್‌ಪಿವಿ ಹರಡುವುದುಂಟು.

ಯಾವ ಕ್ರಿಯೆಗೆ ಎಷ್ಟು ಅಪಾಯ?

ಬಟ್ಟೆ ತೊಟ್ಟು ಮೈ ಉಜ್ಜುವುದು: ಲೈಂಗಿಕ ಸೋಂಕಿನ ದೃಷ್ಟಿಯಿಂದ ಅಪಾಯ ಇಲ್ಲವೆನ್ನಬಹುದು. ಪರೀಕ್ಷೆಯ ಅಗತ್ಯವಿಲ್ಲ.

ಚುಂಬನ: ಎಚ್‌ಐವಿ ಅಪಾಯವಿಲ್ಲ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ಒಂದನೆಯ ಬಗೆಯ ವೈರಾಣು ಸುಲಭವಾಗಿ ಹರಡುತ್ತದೆ. ಬಾಯಲ್ಲಿ ಸಿಫಿಲಿಸ್ ಹುಣ್ಣು ಇದ್ದವರಿಂದ ಆ ರೋಗ ಹರಡುವ ಸಾಧ್ಯತೆಯೂ ಇದೆ, ಆದರೆ ಅದು ಅಪರೂಪ.

ಕೈಯಿಂದ ಜನನಾಂಗ ಮುಟ್ಟುವುದು: ಎಚ್‌ಐವಿ ಅಪಾಯ ಲೆಕ್ಕಕ್ಕೆ ಬಾರದಷ್ಟು. ಉಗುರಿನ ಪಕ್ಕದ ಸಣ್ಣ ಸಿಪ್ಪೆ, ಒಣಗಿದ ಗೀರು ಇದ್ದುದಕ್ಕೆ ಹೆದರಬೇಕಾಗಿಲ್ಲ. ಹಸಿ ಸ್ರಾವ ಮೆತ್ತಿದ ಕೈಯಿಂದ ಕೂಡಲೇ ತಮ್ಮ ಜನನಾಂಗವನ್ನೋ ಕಣ್ಣನ್ನೋ ಮುಟ್ಟಿಕೊಂಡರೆ ಗೊನೋರಿಯಾ, ಕ್ಲಮೈಡಿಯಾ ದಾಟುವ ಅಲ್ಪ ಸಾಧ್ಯತೆಯುಂಟು. ಸೋಪು ನೀರಿನಲ್ಲಿ ಕೈ ತೊಳೆಯುವ ಸರಳ ಅಭ್ಯಾಸ ಇದನ್ನು ತಡೆಯುತ್ತದೆ.

ಬಟ್ಟೆಯಿಲ್ಲದೆ ಜನನಾಂಗಗಳು ತಾಗುವುದು: ಈ ಲೇಖನದ ವಿಷಯದಲ್ಲಿ ಗಮನ ಕೊಡಬೇಕಾದ ಕ್ರಿಯೆ ಇದು. ಒಳಪ್ರವೇಶವಿಲ್ಲದಿದ್ದರೂ ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್, ಮೊಲಸ್ಕಂ, ಕಜ್ಜಿ, ಗುಹ್ಯಭಾಗದ ಹೇನು ಇವೆಲ್ಲ ಹರಡಬಲ್ಲವು. ಹಿಂದಿನ ದಿನವಷ್ಟೇ ಬ್ಲೇಡಿನಿಂದ ಕೂದಲು ತೆಗೆದಿದ್ದರೆ ಚರ್ಮದ ಸೂಕ್ಷ್ಮ ಗೀರುಗಳು ಈ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಕಾಂಡೋಮ್ ಮುಚ್ಚದ ಭಾಗಗಳಿಗೂ ಇವು ತಗಲಬಹುದು. ವೀರ್ಯವು ಯೋನಿದ್ವಾರದ ಬಳಿಯೇ ಬಿದ್ದಿದ್ದರೆ ಗರ್ಭಧಾರಣೆಯ ಸಾಧ್ಯತೆ ಕಡಿಮೆಯಾದರೂ ಇಲ್ಲವೆನ್ನಲಾಗದು. ಅಂಥ ಸಂದರ್ಭದಲ್ಲಿ ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ, ಬೇಗನೆ ತೆಗೆದುಕೊಂಡಷ್ಟೂ ಒಳ್ಳೆಯದು.

ಮುಖಮೈಥುನ: ಅನೇಕರು ಇದನ್ನೂ 'ಏನೂ ಆಗಿಲ್ಲ' ಎಂಬ ಲೆಕ್ಕಕ್ಕೆ ಸೇರಿಸುತ್ತಾರೆ. ವೈದ್ಯರು ಹಾಗೆ ಎಣಿಸುವುದಿಲ್ಲ. ಇಲ್ಲಿ ಎಚ್‌ಐವಿ ಅಪಾಯ ತೀರಾ ಕಡಿಮೆ. ಆದರೆ ಗೊನೋರಿಯಾ, ಸಿಫಿಲಿಸ್, ಹರ್ಪಿಸ್ ಹರಡುವುದು ವಿರಳವೇನಲ್ಲ. ಗಂಟಲಿನ ಗೊನೋರಿಯಾ ಹೆಚ್ಚಿನವರಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ವೈದ್ಯರ ಮುಂದೆ ಈ ವಿಷಯ ಮುಚ್ಚಿಟ್ಟರೆ ಅವರ ಲೆಕ್ಕಾಚಾರ ತಪ್ಪುತ್ತದೆ.

ಚರ್ಮದಿಂದ ಹರಡುವ ಸೋಂಕುಗಳು

ಸಿಫಿಲಿಸ್: ಹಳೆಯ ತಲೆಮಾರಿನವರು ಪರಂಗಿ ಹುಣ್ಣು ಎಂದು ಕರೆಯುತ್ತಿದ್ದ ರೋಗ. ಸಂಪರ್ಕವಾದ 10ರಿಂದ 90 ದಿನಗಳೊಳಗೆ, ಸಾಮಾನ್ಯವಾಗಿ ಮೂರು ವಾರಕ್ಕೆ, ತಾಗಿದ ಜಾಗದಲ್ಲಿ ಗಟ್ಟಿಯಾದ ಹುಣ್ಣೊಂದು ಮೂಡುತ್ತದೆ. ನೋವಿರುವುದಿಲ್ಲ. ಮೂರರಿಂದ ಆರು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಮಾಯಿತೆಂದು ನೆಮ್ಮದಿಪಡುವುದೇ ಇಲ್ಲಿನ ಅಪಾಯ. ರೋಗ ಒಳಗೇ ಉಳಿದು ಮುಂದೆ ಅಂಗೈ, ಅಂಗಾಲುಗಳಲ್ಲಿ ಕೆಂಪು ಕಲೆಗಳಾಗಿ ತೋರಬಹುದು. ವರ್ಷಗಳ ಬಳಿಕ ಹೃದಯ, ಮೆದುಳುಗಳನ್ನು ಕೆಡಿಸಬಹುದು. ಗರ್ಭಿಣಿಯಿಂದ ಶಿಶುವಿಗೂ ದಾಟಬಹುದು. ಆರಂಭದಲ್ಲೇ ಗುರುತಿಸಿದರೆ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಸಲದ ಚುಚ್ಚುಮದ್ದಿನಿಂದ ಗುಣವಾಗುತ್ತದೆ.

ಹರ್ಪಿಸ್: ಸಾಮಾನ್ಯವಾಗಿ 2ರಿಂದ 12 ದಿನಗಳಲ್ಲಿ ನೋವಿನ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ. ಇದನ್ನು ಸರ್ಪಸುತ್ತಿನೊಡನೆ ಗೊಂದಲ ಮಾಡಿಕೊಳ್ಳಬಾರದು. ಸರ್ಪಸುತ್ತು ಸಿಡುಬಿನದಲ್ಲ, ಸೀತಾಳೆ ಸಿಡುಬಿನ ವೈರಾಣುವಿನಿಂದ ಬರುವ ಬೇರೆ ಕಾಯಿಲೆ, ಲೈಂಗಿಕ ಸೋಂಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ 50 ವರ್ಷದೊಳಗಿನವರಲ್ಲಿ ಸುಮಾರು ಮೂರನೆಯ ಎರಡು ಭಾಗ ಜನರ ದೇಹದಲ್ಲಿ ಹರ್ಪಿಸ್ ಒಂದನೆಯ ಬಗೆಯ ವೈರಾಣು ಇದೆ. ಆದ್ದರಿಂದ ಲಕ್ಷಣವೇ ಇಲ್ಲದವರು ಇದಕ್ಕಾಗಿ ರಕ್ತಪರೀಕ್ಷೆ ಮಾಡಿಸುವುದರಿಂದ ಸಿಗುವುದು ಗಾಬರಿಯೇ ಹೊರತು ಉತ್ತರವಲ್ಲ. ಗುಳ್ಳೆ ಎದ್ದಾಗ ವೈದ್ಯರಿಗೆ ತೋರಿಸುವುದೇ ಸರಿಯಾದ ಕ್ರಮ.

ಎಚ್‌ಪಿವಿ: ಜನನಾಂಗದ ನರಹುಲಿಗೆ ಮುಖ್ಯವಾಗಿ ಇದರ 6 ಮತ್ತು 11ನೆಯ ಬಗೆಗಳು ಕಾರಣ. ವಾರಗಳಿಂದ ತಿಂಗಳುಗಳ ನಂತರ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರ ದೇಹ ಎರಡು ವರ್ಷದೊಳಗೆ ವೈರಾಣುವನ್ನು ತಾನೇ ಹೊರಹಾಕುತ್ತದೆ. ಇದನ್ನು ಪತ್ತೆಹಚ್ಚುವ ವಾಡಿಕೆಯ ರಕ್ತಪರೀಕ್ಷೆ ಇಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಬಗೆಗಳೂ ಇರುವುದರಿಂದ ಮಹಿಳೆಯರು ವೈದ್ಯರು ಹೇಳಿದ ವಯಸ್ಸಿನಲ್ಲಿ ತಪಾಸಣೆ ಮಾಡಿಸುತ್ತಿರಬೇಕು.

ಮೊಲಸ್ಕಂ, ಕಜ್ಜಿ, ಹೇನು: ಮೊಲಸ್ಕಂ ಎಂಬುದು ನಡುವೆ ಕುಳಿಯಿರುವ, ಮುತ್ತಿನಂಥ ಸಣ್ಣ ಗುಳ್ಳೆ, ಪ್ರಾಣಾಪಾಯವಿಲ್ಲ. ಮೊದಲ ಸಲ ಕಜ್ಜಿಯ ಹುಳು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ರಾತ್ರಿ ಹೆಚ್ಚು. ಕಜ್ಜಿ ಬಂದರೆ ಮನೆಯವರೆಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಇಕ್ಕಟ್ಟಿನ ಮನೆಗಳಲ್ಲಿ ಇದು ಲೈಂಗಿಕ ಸಂಪರ್ಕವಿಲ್ಲದೆಯೂ ಹರಡುತ್ತದೆ. ಆದ್ದರಿಂದ ಕಜ್ಜಿ ಕಂಡ ಮಾತ್ರಕ್ಕೆ ಯಾರ ನಡತೆಯನ್ನೂ ಶಂಕಿಸಬಾರದು.

ಎಂಪಾಕ್ಸ್: ಭಾರತದಲ್ಲಿ ಮೊದಲ ಪ್ರಕರಣ 2022ರ ಜುಲೈನಲ್ಲಿ ಕೇರಳದಲ್ಲಿ ದೃಢಪಟ್ಟಿತು. ನಿಕಟ ಚರ್ಮಸ್ಪರ್ಶದಿಂದ ಹರಡುತ್ತದೆ. ಸಂಪರ್ಕವಾದ ಮೂರು ವಾರದೊಳಗೆ ಜ್ವರ, ಊದಿದ ಗ್ರಂಥಿಗಳು, ಕೀವುಗುಳ್ಳೆಗಳು ಕಂಡರೆ ವೈದ್ಯರಿಗೆ ತಿಳಿಸಬೇಕು.

ಪರೀಕ್ಷೆಯ ದಿನಗಣನೆ

ಸೋಂಕು ತಗಲಿದ ದಿನಕ್ಕೂ ಪರೀಕ್ಷೆಯಲ್ಲಿ ಅದು ತೋರುವ ದಿನಕ್ಕೂ ನಡುವಿನ ಅವಧಿಗೆ ವಿಂಡೋ ಪೀರಿಯಡ್ ಎಂದು ಹೆಸರು. ಈ ಅವಧಿಯೊಳಗೆ ಬಂದ 'ನೆಗೆಟಿವ್' ಫಲಿತಾಂಶಕ್ಕೆ ಅರ್ಥವಿಲ್ಲ. ಮೂರನೆಯ ದಿನದ ಪರೀಕ್ಷೆ ಹೇಳುವುದು ಸಂಪರ್ಕಕ್ಕೆ ಮುಂಚಿನ ಸ್ಥಿತಿಯನ್ನು ಮಾತ್ರ.

ಮೊದಲ 72 ಗಂಟೆ: ಎಚ್‌ಐವಿ ತಡೆಯುವ ಔಷಧವನ್ನು ಈ ಅವಧಿಯೊಳಗೆ ಆರಂಭಿಸಿ 28 ದಿನ ಸೇವಿಸುವ ಕ್ರಮವಿದೆ, ಇದಕ್ಕೆ ಪಿಇಪಿ ಎನ್ನುತ್ತಾರೆ. ಒಳಪ್ರವೇಶವಿಲ್ಲದ ಸಂಪರ್ಕಕ್ಕೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಆದರೆ ನಡೆದದ್ದು ನಿಜಕ್ಕೂ ಒಳಪ್ರವೇಶವಿಲ್ಲದ್ದೇ ಎಂಬುದರಲ್ಲಿ ಅನುಮಾನವಿದ್ದರೆ, ಮದ್ಯದ ಅಮಲಿನಲ್ಲಿ ನೆನಪು ಮಸುಕಾಗಿದ್ದರೆ, ಅಥವಾ ಬಲಾತ್ಕಾರ ನಡೆದಿದ್ದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಕೂಡಲೇ ಉಚಿತ ಚಿಕಿತ್ಸೆ ನೀಡಬೇಕೆಂದು ಕಾನೂನು ವಿಧಿಸುತ್ತದೆ. ಹೆಪಟೈಟಿಸ್-ಬಿ ಲಸಿಕೆ ಹಾಕಿಸಿಕೊಳ್ಳದವರು ಅದನ್ನೂ ಆಗಲೇ ಕೇಳಬಹುದು.

ಎರಡನೆಯ ವಾರ: ಮುಖಮೈಥುನ ಅಥವಾ ಜನನಾಂಗಗಳ ನೇರ ಸ್ಪರ್ಶವಾಗಿದ್ದರೆ, ವೈದ್ಯರ ಸಲಹೆಯ ಮೇರೆಗೆ ಗೊನೋರಿಯಾ, ಕ್ಲಮೈಡಿಯಾ ಪರೀಕ್ಷೆ.

ಆರನೆಯ ವಾರ: ಸಿಫಿಲಿಸ್‌ಗೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಪರೀಕ್ಷೆ. ಗರ್ಭಾವಸ್ಥೆ, ಮಲೇರಿಯಾ ಮುಂತಾದ ಕಾರಣಗಳಿಂದ ಈ ಪರೀಕ್ಷೆ ತಪ್ಪಾಗಿ 'ರಿಯಾಕ್ಟಿವ್' ಎಂದು ತೋರುವುದುಂಟು. ಟಿಪಿಎಚ್‌ಎಯಂಥ ಎರಡನೆಯ ಪರೀಕ್ಷೆಯಿಂದ ದೃಢಪಡುವವರೆಗೆ ಎದೆಗುಂದಬೇಕಿಲ್ಲ. ಮನಸ್ಸಿನ ಸಮಾಧಾನಕ್ಕೆ ಎಚ್‌ಐವಿ ಪರೀಕ್ಷೆಯೂ ಬೇಕೆನಿಸಿದರೆ, ಪ್ರಯೋಗಾಲಯದ ನಾಲ್ಕನೆಯ ತಲೆಮಾರಿನ ಪರೀಕ್ಷೆ 45 ದಿನಗಳ ಬಳಿಕ ನಂಬಲರ್ಹ.

ಮೂರನೆಯ ತಿಂಗಳು: ಸಿಫಿಲಿಸ್ ಪರೀಕ್ಷೆ ಮತ್ತೊಮ್ಮೆ. ಎಚ್‌ಐವಿಗೆ ಬೆರಳ ತುದಿಯ ರಕ್ತದಿಂದ ಮಾಡುವ ಕ್ಷಿಪ್ರ ಪರೀಕ್ಷೆಯೂ ಈ ಹೊತ್ತಿಗೆ ಅಂತಿಮ ಉತ್ತರ ಕೊಡುತ್ತದೆ. ಇದರ ನಂತರವೂ ಪದೇ ಪದೇ ಪರೀಕ್ಷೆ ಮಾಡಿಸುವುದರಲ್ಲಿ ಹುರುಳಿಲ್ಲ.

ಈ ದಿನಗಳ ನಡುವೆ ಹುಣ್ಣು, ಗುಳ್ಳೆ, ಮೂತ್ರನಾಳದಿಂದ ಕೀವು, ಉರಿಮೂತ್ರ, ದುರ್ವಾಸನೆಯ ಸ್ರಾವ, ಕಿಬ್ಬೊಟ್ಟೆ ನೋವು, ತೊಡೆಸಂದಿನ ಗಡ್ಡೆ, ಕೆಂಪಾಗಿ ಕೀವು ಸುರಿಸುವ ಕಣ್ಣು ಇವುಗಳಲ್ಲಿ ಯಾವುದು ಕಂಡರೂ ದಿನಗಣನೆಗೆ ಕಾಯದೆ ವೈದ್ಯರನ್ನು ಕಾಣಬೇಕು. ಅಲ್ಲಿಯವರೆಗೆ ಸಂಗಾತಿಯೊಡನೆ ಲೈಂಗಿಕ ಸಂಪರ್ಕ ಬೇಡ. ಸೋಂಕು ದೃಢಪಟ್ಟರೆ ಸಂಗಾತಿಗೂ ಚಿಕಿತ್ಸೆಯಾಗಬೇಕು. ಇಲ್ಲದಿದ್ದರೆ ಅದು ಒಬ್ಬರಿಂದ ಒಬ್ಬರಿಗೆ ಮರಳುತ್ತಲೇ ಇರುತ್ತದೆ.

ಎಲ್ಲಿಗೆ ಹೋಗಬೇಕು?

ಕೆಜಿಎಫ್‌ನವರಿಗೆ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಬಂಗಾರಪೇಟೆಯವರಿಗೆ ಅಲ್ಲಿನ ತಾಲ್ಲೂಕು ಆಸ್ಪತ್ರೆ, ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಹತ್ತಿರದವು. ರಾಜ್ಯದ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಐಸಿಟಿಸಿ ಎಂಬ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಿರುತ್ತದೆ. ಅಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಪರೀಕ್ಷೆಗೆ ಮುನ್ನ ಮತ್ತು ನಂತರ ಸಮಾಲೋಚಕರು ಮಾತನಾಡುತ್ತಾರೆ. ಲೈಂಗಿಕ ಸೋಂಕುಗಳ ಚಿಕಿತ್ಸೆಗೆ 'ಸುರಕ್ಷಾ ಕ್ಲಿನಿಕ್' ಎಂಬ ಹೆಸರಿನ ವಿಭಾಗಗಳನ್ನು, ಹದಿಹರೆಯದವರಿಗೆ 'ಸ್ನೇಹ ಕ್ಲಿನಿಕ್'ಗಳನ್ನು ಕೇಳಬಹುದು. 18 ವರ್ಷದೊಳಗಿನವರೊಡನೆ ನಡೆದ ಲೈಂಗಿಕ ಸಂಪರ್ಕವು 2012ರ ಪೋಕ್ಸೊ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂಬುದು ನೆನಪಿರಲಿ.

ಊರಿನಲ್ಲೇ ಹೋಗಲು ಸಂಕೋಚವೆಂದರೆ ಬೇರೆ ಊರಿನ ಕೇಂದ್ರಕ್ಕೆ ಹೋಗಲು ಅಡ್ಡಿಯಿಲ್ಲ. ದಿನವೂ ಬೆಂಗಳೂರಿಗೆ ಹೋಗುವವರಿಗೆ ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ದೂರವಲ್ಲದ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಒಂದು ದಾರಿ. ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಊರಿಗೂ ಆಸ್ಪತ್ರೆಗೂ ಹೆಸರು ಬಂದದ್ದು ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರಿಂದ. ಮನೆಯಿಂದಲೇ ಮಾತನಾಡಬೇಕೆನ್ನುವವರಿಗೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097 ಉಚಿತ.

ಗೋಪ್ಯತೆಯ ವಿಷಯದಲ್ಲಿ ಕಾನೂನಿನ ಬೆಂಬಲವಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಕಾನೂನು ಹೇಳಿದ ಕೆಲವು ಸಂದರ್ಭಗಳ ಹೊರತು ಫಲಿತಾಂಶವನ್ನು ಬೇರೆಯವರಿಗೆ ತಿಳಿಸುವಂತೆಯೂ ಇಲ್ಲ.

ಮಾಡಬಾರದ ಕೆಲಸಗಳು

ಔಷಧ ಅಂಗಡಿಯವರ ಸಲಹೆಯಂತೆ 'ಮುನ್ನೆಚ್ಚರಿಕೆ'ಗೆಂದು ಆ್ಯಂಟಿಬಯಾಟಿಕ್ ನುಂಗಬಾರದು. ಅದು ಹರ್ಪಿಸ್, ಎಚ್‌ಪಿವಿಯಂಥ ವೈರಾಣುಗಳನ್ನು ಮುಟ್ಟುವುದೂ ಇಲ್ಲ. ಅರೆಬರೆ ಪ್ರಮಾಣದ ಔಷಧವು ಸಿಫಿಲಿಸ್‌ನ ಲಕ್ಷಣವನ್ನು ಮರೆಮಾಚಿ ರೋಗವನ್ನು ಒಳಗೇ ಉಳಿಸಬಹುದು. ಒಂದು ಕಾಲಕ್ಕೆ ಗೊನೋರಿಯಾಕ್ಕೆ ರಾಮಬಾಣವೆನಿಸಿದ್ದ ಸಿಪ್ರೋಫ್ಲಾಕ್ಸಸಿನ್‌ಗೆ ಇಂದು ಆ ರೋಗಾಣು ಬಗ್ಗುತ್ತಿಲ್ಲ. ಅದಕ್ಕೆ ಇಂಥ ಮನಬಂದ ಬಳಕೆಯೂ ಒಂದು ಕಾರಣ. ಡೆಟಾಲ್, ಸ್ಪಿರಿಟ್ಟುಗಳಿಂದ ಜನನಾಂಗ ತೊಳೆಯುವುದರಿಂದ ಚರ್ಮ ಸುಟ್ಟು ಇಲ್ಲದ ಹುಣ್ಣನ್ನು ತಂದುಕೊಂಡಂತಾಗುತ್ತದೆ. ಸಾದಾ ನೀರು ಸಾಕು.

ಭಯಕ್ಕೂ ಚಿಕಿತ್ಸೆಯಿದೆ

ಮಧುಮೇಹವೋ ಮತ್ತೊಂದೋ ಬಂದರೆ ಮನೆಯವರೊಡನೆ ಹಂಚಿಕೊಳ್ಳಬಹುದು. ಈ ಚಿಂತೆಯನ್ನು ಹಂಚಿಕೊಳ್ಳುವಂತಿಲ್ಲ. ಪಾಪಪ್ರಜ್ಞೆ ಜೊತೆಗೂಡಿದಾಗ ದೇಹದ ಪ್ರತಿ ಸಣ್ಣ ತುರಿಕೆಯೂ, ಗಂಟಲಿನ ಪ್ರತಿ ಕೆರೆತವೂ ಏಡ್ಸ್‌ನ ಲಕ್ಷಣವಾಗಿ ತೋರುತ್ತದೆ. ದಿನಕ್ಕೆ ಹತ್ತು ಸಲ ಪರೀಕ್ಷಿಸಿ ನೋಡಿಕೊಂಡ ಚರ್ಮ ಕೆಂಪಾಗುವುದು ಸಹಜ. ನಮ್ಮ ಸಮಾಜದಲ್ಲಿ 'ಧಾತು' ನಷ್ಟದ ಹೆಸರಿನಲ್ಲಿ ಯುವಕರನ್ನು ಕಾಡುವ ಇಂಥದೇ ಭಯವನ್ನು ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲೇ ಗುರುತಿಸಿ ಹೆಸರಿಟ್ಟಿದ್ದರು. ಮೂರು ತಿಂಗಳ ಪರೀಕ್ಷೆ ನೆಗೆಟಿವ್ ಬಂದ ಮೇಲೂ ನಿದ್ದೆ ಹತ್ತದಿದ್ದರೆ, ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ ಬೇಕಾದುದು ಮತ್ತೊಂದು ರಕ್ತಪರೀಕ್ಷೆಯಲ್ಲ, ಮನೋವೈದ್ಯರ ನೆರವು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ದಿನಗಳಿಗೆ ಮೂರು ಸಿದ್ಧತೆಗಳು ಸಾಕು: ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸುಗಳನ್ನು ಪೂರ್ಣಗೊಳಿಸುವುದು, ವೈದ್ಯರ ಸಲಹೆಯಂತೆ ಎಚ್‌ಪಿವಿ ಲಸಿಕೆ ಹಾಕಿಸಿಕೊಳ್ಳುವುದು, ಸಂಗಾತಿಯ ಮೈಮೇಲೆ ಹುಣ್ಣು ಗುಳ್ಳೆ ಕಂಡಾಗ ಸಂಕೋಚವಿಲ್ಲದೆ ದೂರ ಉಳಿಯುವುದು. ಇಷ್ಟರ ಮೇಲೂ ಅನುಮಾನ ಉಳಿದರೆ ವೈದ್ಯರ ಬಳಿ ನಡೆದುದನ್ನು ನಡೆದಂತೆಯೇ ಹೇಳಬೇಕು. ದಿನಾಂಕ, ಕ್ರಿಯೆ, ಕಂಡ ಲಕ್ಷಣ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಬಾಯಿಬಿಟ್ಟು ಹೇಳಲು ತಡವರಿಸುವವರಿಗೂ ಅನುಕೂಲ.